ಎರವಲು ಹೆಸರಿನ ಊರು

ಹೆಬ್ರಿ ದಾಟಿ ಸೋಮೇಶ್ವರ ಬಂತೆಂದರೆ ನನ್ನ ಹೆಂಡತಿ ಕಾರಿನ ಎ.ಸಿ. ಆರಿಸಿ ಕಿಟಕಿ ಇಳಿಸುತ್ತಾಳೆ. ಅಲ್ಲಿಂದಾಚೆಯ ಗಾಳಿ ಅವಳೂರಿನದು. ನಾನು ಉಡುಪಿ ಕಡೆಯವ, ಘಟ್ಟದ ಕೆಳಗಿನವ. ಅವಳು ಹುಟ್ಟಿ ಬೆಳೆದದ್ದು ಆಗುಂಬೆಯಲ್ಲಿ. ಮದುವೆಯಾಗಿ ಇಪ್ಪತ್ತು ವರ್ಷವಾದರೂ ಈ ದಾರಿಯಲ್ಲಿ ನಾನು ಬರೀ ಡ್ರೈವರು. ಹದಿನಾಲ್ಕು ತಿರುವುಗಳನ್ನು ಎಣಿಸುವ ಹಕ್ಕು ಅವಳದು. ಚಿಕ್ಕಂದಿನಲ್ಲಿ ಬಸ್ಸಿನಲ್ಲಿ ವಾಂತಿ ಬಾರದಿರಲೆಂದು ಲಿಂಬೆಹಣ್ಣು ಮೂಸುತ್ತಾ ಎಣಿಸಿದ ಲೆಕ್ಕ ಅದು. ತಿರುವುಗಳು ಎಷ್ಟು ಕಡಿದೆಂದರೆ ಭಾರದ ಲಾರಿಗಳಿಗೆ ಇಲ್ಲಿ ಅವಕಾಶವಿಲ್ಲ; ಮಿನಿ ಬಸ್ಸುಗಳದ್ದೇ ಓಡಾಟ.

ಕೆಳದಿ ಅರಸರ ಕಾಲದಲ್ಲಿ ಘಟ್ಟದ ಮೇಲೂ ಕೆಳಗೂ ಒಂದೇ ಆಳ್ವಿಕೆಯಿತ್ತು. 1763ರಲ್ಲಿ ಹೈದರಾಲಿ ಅವರ ರಾಜಧಾನಿ ಬಿದನೂರು ಗೆದ್ದ. 1799ರಲ್ಲಿ ಟಿಪ್ಪು ಮಡಿದ ಮೇಲೆ ಕರಾವಳಿ ಈಸ್ಟ್ ಇಂಡಿಯಾ ಕಂಪನಿಯ ಪಾಲಾಗಿ ಮದರಾಸಿಗೆ ಸೇರಿತು, ಮಲೆನಾಡು ಮೈಸೂರಿಗೆ ಉಳಿಯಿತು. ಘಟ್ಟದ ನೆತ್ತಿಯೇ ಸರಹದ್ದಾಯಿತು. ಕೆಳಗಿನಿಂದ ಉಪ್ಪು, ಒಣಮೀನು ಹತ್ತಿದವು. ಮೇಲಿನಿಂದ ಅಡಿಕೆ ಇಳಿಯಿತು. ಹೆಬ್ರಿ ಕಡೆಯಿಂದ ಸೊಸೆಯಾಗಿ ಬಂದ ಇವಳ ಅಜ್ಜಿ, "ನಾನು ಮದರಾಸಿನಿಂದ ಮೈಸೂರಿಗೆ ಬಂದವಳು" ಎಂದು ಹೇಳಿ ನಗುತ್ತಿದ್ದರಂತೆ. ನಡುವೆ ಇದ್ದದ್ದು ಒಂದೇ ಒಂದು ಘಟ್ಟ. 1956ರ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆಯಾಗಿ ಆ ಗಡಿ ಅಳಿಸಿಹೋಯಿತು. ಈಗ ಅದು ಉಡುಪಿ, ಶಿವಮೊಗ್ಗ ಜಿಲ್ಲೆಗಳ ನಡುವಿನ ಗೆರೆ.

ನೆತ್ತಿ ತಲುಪಿದರೆ ಸುಮಾರು 650 ಮೀಟರ್ ಎತ್ತರ. ಅರಬ್ಬೀ ಸಮುದ್ರದಿಂದ ಬಂದ ಮುಂಗಾರು ಮೋಡ ಈ ಗೋಡೆಗೆ ಮುಗ್ಗರಿಸಿ, ಮೇಲೇರಿ, ತಣಿದು ಸುರಿಯುತ್ತದೆ. ವರ್ಷಕ್ಕೆ ಸರಾಸರಿ ಸುಮಾರು 7,600 ಮಿ.ಮೀ. ಬೆಂಗಳೂರಿಗೆ ಏಳು ವರ್ಷಕ್ಕೆ ಸಾಕಾಗುವ ಮಳೆ. ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಲಂಗ ಒಣಗಿಸಿಕೊಂಡು, ಹೊಗೆ ವಾಸನೆಯಲ್ಲೇ ಶಾಲೆಗೆ ಹೋದವಳು ಇವಳು. 'ದಕ್ಷಿಣದ ಚಿರಾಪುಂಜಿ' ಎಂಬ ಬೋರ್ಡು ಕಂಡರೆ ಸಿಡುಕುತ್ತಾಳೆ: "ಚಿರಾಪುಂಜಿಯನ್ನ ಯಾರಾದ್ರೂ ಉತ್ತರದ ಆಗುಂಬೆ ಅಂತಾರೇನ್ರೀ?"

ಇನ್ನೊಂದು ಎರವಲು ಹೆಸರು ಎಂಬತ್ತರ ದಶಕದಲ್ಲಿ ಬಂತು. ಆರ್.ಕೆ. ನಾರಾಯಣ್ ಕಥೆಗಳನ್ನು ಧಾರಾವಾಹಿ ಮಾಡಲು ಶಂಕರ್ ನಾಗ್ ಈ ಬೀದಿಗೆ ಬಂದರು, ಆಗುಂಬೆ ಆ ಕಥೆಗಳ ಊರಾದ ಮಾಲ್ಗುಡಿಯಾಯಿತು. ತೊಟ್ಟಿಯ ದೊಡ್ಡ ಮನೆ ಕಥೆಯ ಹುಡುಗ ಸ್ವಾಮಿಯ ಮನೆಯಾಯಿತು. ಶಾಲೆ ತಪ್ಪಿಸಿ ಶೂಟಿಂಗ್ ನೋಡಿದ್ದಕ್ಕೆ ತಿಂದ ಪೆಟ್ಟು ಇವಳಿಗೆ ಇನ್ನೂ ನೆನಪಿದೆ. ಮುಂದೆ 1986ರಲ್ಲಿ ದೂರದರ್ಶನದಲ್ಲಿ ಪ್ರಸಾರ ಶುರುವಾದಾಗ, ತಾನು ದಿನಾ ನಡೆಯುವ ಬೀದಿಯನ್ನು ಊರೆಲ್ಲ ಬೇರೆ ಹೆಸರಿನಿಂದ ಕರೆಯುವುದು ಅವಳಿಗೆ ಸೋಜಿಗ.

ಆದರೆ ಈ ಊರಿನ ಕಾಡು ಹೆಸರಿನ ಸಾಲ ತೀರಿಸಿಯೂ ಇದೆ. ಹಾವುಗಳ ತಜ್ಞ ರೊಮುಲಸ್ ವಿಟೇಕರ್ 2005ರಲ್ಲಿ ಇಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಕಟ್ಟಿದರು. 2008ರಲ್ಲಿ ಕಾಳಿಂಗ ಸರ್ಪದ ಮೈಯೊಳಗೆ ರೇಡಿಯೊ ಟ್ರಾನ್ಸ್‌ಮಿಟರ್ ಇಟ್ಟು ಅದರ ಅಲೆದಾಟ ಗುರುತಿಸಿದರು. 2024ರಲ್ಲಿ ವಿಜ್ಞಾನಿಗಳು ಪಶ್ಚಿಮ ಘಟ್ಟದ ಈ ಹಾವು ಬೇರೆಯದೇ ಪ್ರಭೇದವೆಂದು ತೋರಿಸಿ, 'ಒಫಿಯೊಫೇಗಸ್ ಕಾಳಿಂಗ' ಎಂದು ಹೆಸರಿಟ್ಟರು. ಅಜ್ಜಿ ತಗ್ಗಿದ ದನಿಯಲ್ಲಿ, ಕೈಮುಗಿದು ಹೇಳುತ್ತಿದ್ದ 'ಕಾಳಿಂಗ' ಎಂಬ ಮಾತು ಲೋಕದ ಪುಸ್ತಕ ಸೇರಿತು. ಆ ಸುದ್ದಿ ಓದಿದ ದಿನ ಇವಳು ತವರಿಗೆ ಫೋನು ಮಾಡಿ ಅರ್ಧ ಗಂಟೆ ಮಾತಾಡಿದ್ದಳು.

ಸೂರ್ಯಾಸ್ತ ನೋಡುವ ಜಾಗದಲ್ಲಿ ಕಾರು ನಿಲ್ಲಿಸಿದೆವು. ತಿಳಿಯಾದ ಸಂಜೆಗಳಲ್ಲಿ ಇಲ್ಲಿಂದ ಸಮುದ್ರ ಕಾಣುತ್ತದೆ. ಅವತ್ತು ಹತ್ತು ಮಾರು ದೂರದ ಮರವೂ ಮಂಜಿನಲ್ಲಿತ್ತು. ಅವಳು ಅದನ್ನೇ ತೃಪ್ತಿಯಿಂದ ನೋಡುತ್ತ ನಿಂತಳು. ಕಾರು ಹತ್ತುವಾಗ ನನ್ನ ಕಾಲ್ಬೆರಳ ಸಂದಿಯಲ್ಲಿ ಉಂಬಳ. ಅವಳ ಕಾಲಿನಲ್ಲಿ ಒಂದೂ ಇರಲಿಲ್ಲ.

"ಘಟ್ಟದ ಕೆಳಗಿನ ಅಳಿಯ ಬಂದಿದ್ದು ಗೊತ್ತಾಗಿದೆ ನೋಡಿ," ಎಂದು ನಕ್ಕು, ಡಬ್ಬಿಯಿಂದ ಚಿಟಿಕೆ ಸುಣ್ಣ ತೆಗೆದಳು.