ಬಿಡೋದಾದ್ರೆ ಎಲ್ಲರನ್ನೂ ಬಿಡಿ

ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಅವರ ಮಗ ಪಾಕಿಸ್ತಾನದಲ್ಲಿ ಸೆರೆ ಸಿಕ್ಕಿದ ಕಥೆ ನಿಮ್ಮ ವಾಟ್ಸಾಪ್‌ಗೂ ಬಂದಿರುತ್ತೆ. ಅದರಲ್ಲಿ ಹೀರೋ ಯಾರು? ಅಪ್ಪ. ಮಗ ಬರೀ ಒಂದು ಹೆಸರು. ಇವತ್ತು ಆ ಮಗನ ಕಡೆಯಿಂದ ನೋಡೋಣ.

1965ರ ಸೆಪ್ಟೆಂಬರ್ 22. ಮಾರನೇ ದಿನ ಬೆಳಗಿನ ಜಾವಕ್ಕೆ ಕದನ ವಿರಾಮ. ಅಂದ್ರೆ ಯುದ್ಧ ಮುಗಿಯೋಕೆ ಒಂದು ದಿನವೂ ಉಳಿದಿರಲಿಲ್ಲ. 27 ವರ್ಷದ ಫ್ಲೈಟ್ ಲೆಫ್ಟಿನೆಂಟ್ ನಂದಾ ಕಾರ್ಯಪ್ಪ ಹಂಟರ್ ಯುದ್ಧವಿಮಾನದಲ್ಲಿ ಕಸೂರ್ ಕಡೆ ಹೋಗಿದ್ರು. ಕೆಳಗಿನಿಂದ ಹಾರಿಸಿದ ಗುಂಡು ವಿಮಾನಕ್ಕೆ ಬಡಿಯಿತು. ಹೊರಗೆ ಹಾರಿದರು. ನೆಲಕ್ಕೆ ಬಿದ್ದ ರಭಸಕ್ಕೆ ಬೆನ್ನುಮೂಳೆಗೆ ಪೆಟ್ಟು, ಏಳೋಕೂ ಆಗ್ತಿಲ್ಲ. ಸುತ್ತುವರಿದ ಸೈನಿಕರು ನಮ್ಮವರೇ ಅಂದುಕೊಂಡ್ರಂತೆ! ನಮ್ಮವರಲ್ಲ ಅಂತ ಆಮೇಲೆ ಗೊತ್ತಾಯ್ತು.

ಯುದ್ಧಕೈದಿ ಹೇಳಬೇಕಾದ್ದು ಹೆಸರು, ಹುದ್ದೆ, ನಂಬರ್. ಇಲ್ಲಿ ಹೆಸರೇ ಸಾಕಾಯ್ತು. ಯಾಕಂದ್ರೆ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್, ದೇಶ ವಿಭಜನೆಗೆ ಮುಂಚೆ ಕಾರ್ಯಪ್ಪ ಅವರ ಕೈಕೆಳಗೇ ಕೆಲಸ ಮಾಡಿದ್ದ ಅಧಿಕಾರಿ. (ಆಗ ಕಾರ್ಯಪ್ಪ ನಿವೃತ್ತ ಜನರಲ್, ಅಷ್ಟೇ. ಫೀಲ್ಡ್ ಮಾರ್ಷಲ್ ಆಗಿದ್ದು 1986ರಲ್ಲಿ. ವಾಟ್ಸಾಪ್ ಪಂಡಿತರು ಗಮನಿಸಿ.) ನಿಮ್ಮ ಮಗನನ್ನು ಬಿಡ್ತೀವಿ ಅಂತ ಸಂದೇಶ ಬಂತು. ಕಾರ್ಯಪ್ಪ ಒಪ್ಪಲಿಲ್ಲ. ಸೆರೆಯಲ್ಲಿರೋರೆಲ್ಲ ನನ್ನ ಮಕ್ಕಳೇ, ಬಿಡೋದಾದ್ರೆ ಎಲ್ಲರನ್ನೂ ಬಿಡಿ ಅನ್ನೋದು ಅವರ ನಿಲುವು.

ಇಲ್ಲಿಗೆ ನಾವು ಚಪ್ಪಾಳೆ ಹೊಡೆದು ಕಥೆ ಮುಗಿಸ್ತೀವಿ. ಆದರೆ ಆ ಮಾತಿಗೆ ಬೆಲೆ ತೆತ್ತಿದ್ದು ಯಾರು ಸ್ವಾಮಿ? ಆಸ್ಪತ್ರೆಯಲ್ಲಿ ಬೆನ್ನು ನೋವಿನಲ್ಲಿ ಮಲಗಿದ್ದ ಆ ಹುಡುಗ. ಅವರನ್ನು ನೋಡೋಕೆ ಅಯೂಬ್ ಅವರ ಪತ್ನಿ ಮತ್ತು ಮಗ ಬಂದಿದ್ದರು. ಕೈಯಲ್ಲಿ ಸ್ಟೇಟ್ ಎಕ್ಸ್‌ಪ್ರೆಸ್ ಸಿಗರೇಟು, ಜೊತೆಗೆ ಪಿ.ಜಿ. ವುಡ್‌ಹೌಸ್ ಅವರ ಒಂದು ಕಾದಂಬರಿ! ಅಪ್ಪ ಬೇಡ ಅಂದ ವಿಶೇಷ ಮರ್ಯಾದೆ ಹಿಂಬಾಗಿಲಿನಿಂದ ಒಂದಿಷ್ಟು ಬಂದೇಬಿಟ್ಟಿತ್ತು.

ಸೆರೆಯಲ್ಲೇ ಅವರಿಗೆ 28 ತುಂಬಿತು. 1966ರ ಜನವರಿ 10ಕ್ಕೆ ತಾಷ್ಕೆಂಟ್ ಒಪ್ಪಂದ. ಜನವರಿ 22ಕ್ಕೆ ಬಿಡುಗಡೆ. ಲೆಕ್ಕ ಹಾಕಿ, ಸರಿಯಾಗಿ ನಾಲ್ಕು ತಿಂಗಳು. ಒಬ್ಬರೇ ಬರಲಿಲ್ಲ, ಉಳಿದ ಸೆರೆಯಾಳುಗಳ ಜೊತೆಗೇ ಬಂದರು. ಆ ಉಳಿದವರ ಮನೆಯಲ್ಲೂ ಕಾಯ್ತಿದ್ದ ಅಪ್ಪ ಅಮ್ಮ ಇದ್ದರು. ಅವರಿಗೆ ಯಾವ ಅಧ್ಯಕ್ಷರ ಪರಿಚಯವೂ ಇರಲಿಲ್ಲ.

ಮನೆಗೆ ಬಂದಮೇಲೆ? ಬೆನ್ನಿನ ಪೆಟ್ಟು ಹಂಟರ್ ಸಹವಾಸ ಬಿಡಿಸಿತು. ಹೆಲಿಕಾಪ್ಟರ್ ಹಾರಿಸಿದರು, ಏರ್ ಮಾರ್ಷಲ್ ಆಗಿ ನಿವೃತ್ತರಾದರು, ಕೊಡಗಿಗೆ ಮರಳಿದರು. ಪುಸ್ತಕವನ್ನೂ ಬರೆದರು. ಯಾರ ಬಗ್ಗೆ ಗೊತ್ತಾ? ಅಪ್ಪನ ಬಗ್ಗೆ.