ಅಮೆರಿಕದ ಪ್ರಾಂತ್ಯೋಚ್ಚಾರಗಳೂ ಸಹಪ್ರಯಾಣಿಕರ ಶ್ರವಣವೂ

೧

ಪತಂಜಲಿ ಮಹರ್ಷಿಯು ಮಹಾಭಾಷ್ಯದ ಪಸ್ಪಶಾಹ್ನಿಕದಲ್ಲಿ ಉಚ್ಚಾರವನ್ನು ಕುರಿತು ಎರಡು ಕಥೆಗಳನ್ನು ಸೂಚಿಸಿರುತ್ತಾನೆ. ರೇಫವಿರಬೇಕಾದಲ್ಲಿ ಲಕಾರವನ್ನು ನುಡಿದ ಅಸುರರು ಪರಾಭವವನ್ನು ಹೊಂದಿದರೆಂಬುದು ಒಂದು. ನಿತ್ಯದ ಮಾತಿನಲ್ಲಿ ಅಪಭ್ರಷ್ಟವಾಗಿ ನುಡಿಯುತ್ತಿದ್ದು, ಆ ಅಪಭ್ರಂಶದಿಂದಲೇ ಯರ್ವಾಣರು ತರ್ವಾಣರು ಎಂಬ ಹೆಸರನ್ನು ಪಡೆದ ಋಷಿಗಳ ವಿಷಯ ಮತ್ತೊಂದು. ಈ ಋಷಿಗಳು ಲೋಕವ್ಯವಹಾರದಲ್ಲಿ ಹಾಗೆ ನುಡಿದರೂ ಯಜ್ಞಕರ್ಮದಲ್ಲಿ ಹಾಗೆ ನುಡಿಯಲಿಲ್ಲವಾದ ಕಾರಣ ಅವರಿಗೆ ದೋಷವು ತಟ್ಟಲಿಲ್ಲ. ನಮ್ಮ ಪಾಠಶಾಲೆಗಳಲ್ಲಿ ಮೊದಲನೆಯ ಕಥೆಯು ಎಲ್ಲರಿಗೂ ಬಾಯಿಪಾಠ. ಎರಡನೆಯದು ಬಹುಮಂದಿಗೆ ಮರೆತುಹೋಗಿರುತ್ತದೆ. ಈ ಲೇಖಕನೂ ಬಾಲ್ಯದಿಂದ ಶಿಕ್ಷಾಶಾಸ್ತ್ರದ ಕಟ್ಟಳೆಯಲ್ಲಿ ಬೆಳೆದವನು. ಎದುರಿನವನು ಬಾಯಿ ತೆರೆದೊಡನೆ ಅವನ ಕುಲಶೀಲವಿದ್ಯೆಗಳನ್ನು ತೂಗಿಬಿಡುವ ಅಭ್ಯಾಸದಿಂದ ಇಂದಿಗೂ ಪೂರ್ಣವಾಗಿ ಮುಕ್ತನಲ್ಲ. ಈ ಅಭ್ಯಾಸವು ಎಷ್ಟರಮಟ್ಟಿಗೆ ಯುಕ್ತವೆಂಬುದನ್ನು, ನಮಗೆ ಸ್ವಪಕ್ಷಾಭಿಮಾನವಿಲ್ಲದ ದೂರದೇಶವೊಂದರ ಚರಿತ್ರೆಯಿಂದ ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ.

ಇಂಥ ಪರೀಕ್ಷೆಗೆ ಅಮೆರಿಕದ ಸಂಯುಕ್ತ ಸಂಸ್ಥಾನಗಳಷ್ಟು ಅನುಕೂಲವಾದ ಕ್ಷೇತ್ರವು ವಿರಳ. ಅಲ್ಲಿಯ ಜನರು ಮೊದಲಿನಿಂದಲೂ ಸಂಚಾರಶೀಲರು. ಬೇರೆ ಬೇರೆ ಪ್ರಾಂತದವರು ಉಗಿಹಡಗಿನ ಒಂದೇ ಭೋಜನಪಙ್ಕ್ತಿಯಲ್ಲಿಯೂ ರೈಲುಗಾಡಿಯ ಒಂದೇ ಪೀಠದಲ್ಲಿಯೂ ಕುಳಿತು, ಒಬ್ಬರ ನುಡಿಯನ್ನೊಬ್ಬರು ಕೇಳಿ, ಕೇಳಿದುದನ್ನು ಬರೆದಿಟ್ಟಿದ್ದಾರೆ. ಈ ಬರೆಹಗಳನ್ನು ಸಾಮಾನ್ಯವಾಗಿ ನುಡಿದವರ ಉಚ್ಚಾರಕ್ಕೆ ಸಾಕ್ಷಿಯೆಂದು ಎಣಿಸುವರು. ಅವು ಅದಕ್ಕಿಂತ ಹೆಚ್ಚಾಗಿ ಕೇಳಿದವರ ಮನಸ್ಸಿಗೆ ಸಾಕ್ಷಿಯೆಂಬುದು ನನ್ನ ಅಭಿಪ್ರಾಯ.

೨

ಈ ವಿಷಯದಲ್ಲಿ ಮೊದಲು ಲೇಖನಿಯನ್ನು ಹಿಡಿದವರಲ್ಲಿ ಜಾನ್ ವಿದರ್‌ಸ್ಪೂನ್ ಗಣ್ಯರು. ಸ್ಕಾಟ್ಲೆಂಡಿನಿಂದ ಬಂದು, ಮುಂದೆ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯವಾದ ನ್ಯೂಜರ್ಸಿಯ ಕಾಲೇಜಿಗೆ ಅಧ್ಯಕ್ಷರಾಗಿದ್ದ ಇವರು, ೧೭೭೬ರ ಸ್ವಾತಂತ್ರ್ಯಘೋಷಣೆಗೆ ರುಜು ಹಾಕಿದವರಲ್ಲೊಬ್ಬರು. ಇವರು ೧೭೮೧ರಲ್ಲಿ ‘ಡ್ರೂಯಿಡ್’ ಎಂಬ ಹೆಸರಿನಲ್ಲಿ ಬರೆದ ಲೇಖನಗಳಲ್ಲಿ ‘ಅಮೆರಿಕನಿಸಂ’ ಎಂಬ ಶಬ್ದವನ್ನು ಹೊಸದಾಗಿ ಪ್ರಯೋಗಿಸಿದರು. ಅಮೆರಿಕದ ಪಾಮರಜನರು ಬ್ರಿಟನ್ನಿನ ಪಾಮರರಿಗಿಂತ ಉತ್ತಮವಾಗಿಯೇ ಮಾತಾಡುವರೆಂಬುದು ಇವರ ಮತ. ಒಂದೆಡೆ ನಿಲ್ಲದೆ ಊರಿಂದೂರಿಗೆ ಸಾಗುವವರ ನುಡಿಯಲ್ಲಿ ಸ್ಥಳೀಯ ವಿಕಾರಗಳು ನೆಲೆಗೊಳ್ಳುವುದಿಲ್ಲವೆಂಬುದು ಇವರು ಕೊಟ್ಟ ಹೇತು. ಪ್ರಯಾಣವು ಉಪಭಾಷೆಗಳನ್ನು ಅಳಿಸುತ್ತದೆಂಬ ಈ ಹೇತುವನ್ನು ಓದುಗರು ನೆನಪಿನಲ್ಲಿಡಬೇಕು. ಇದು ಅರ್ಧಸತ್ಯವೆಂಬುದು ಮುಂದೆ ವ್ಯಕ್ತವಾಗುವುದು.

ನಿಘಂಟುಕಾರರಾದ ನೋವಾ ವೆಬ್‌ಸ್ಟರ್ ೧೭೮೫-೮೬ರಲ್ಲಿ ದಕ್ಷಿಣ ಪ್ರಾಂತಗಳಲ್ಲಿ ಉಪನ್ಯಾಸಯಾತ್ರೆಯನ್ನು ಮಾಡಿ, ೧೭೮೯ರಲ್ಲಿ ಆಂಗ್ಲಭಾಷೆಯನ್ನು ಕುರಿತ ಪ್ರಬಂಧಗಳನ್ನು ಪ್ರಕಟಿಸಿದರು. ತಮ್ಮವರೇ ಆದ ನ್ಯೂ ಇಂಗ್ಲೆಂಡಿನ ಜನರ ಎಳೆದಾಡುವ ಸಾನುನಾಸಿಕ ನುಡಿಯು ಪರಸ್ಥಳದವರ ಕಿವಿಗೆ ಹಿತವಲ್ಲವೆಂದು ಇವರು ಒಪ್ಪಿದರು. ಆದರೆ ಅದಕ್ಕೆ ಕೊಟ್ಟ ಕಾರಣವು ವಿಚಾರಾರ್ಹವಾಗಿದೆ. ಆ ಪ್ರಾಂತದಲ್ಲಿ ದಾಸರೂ ಸೇವಕರೂ ಕಡಿಮೆಯಾದುದರಿಂದ ಜನರಿಗೆ ಆಜ್ಞಾಪಿಸುವ ಅಭ್ಯಾಸವಿಲ್ಲ; ಮಾಡು ಎನ್ನದೆ, ಮಾಡಿದರೆ ಒಳಿತಲ್ಲವೇ ಎಂದು ಕೇಳುವ ಅಭ್ಯಾಸವಿದೆ; ಆ ಸಮತ್ವದಿಂದಲೇ ಧ್ವನಿಯಲ್ಲಿ ಆ ಸಂಕೋಚವು ಹುಟ್ಟಿತೆಂದು ಅವರು ಊಹಿಸಿದರು. ಈ ಊಹೆಯು ಧ್ವನಿಶಾಸ್ತ್ರಕ್ಕೆ ಒಪ್ಪುವುದೋ ಇಲ್ಲವೋ ಬೇರೆ ಮಾತು. ಉಚ್ಚಾರವನ್ನು ಕೇಳಿದವನು ದಾಸ್ಯವನ್ನು ನೆನೆಯಬೇಕಾಗಿ ಬಂದುದು ಮಾತ್ರ ಆಕಸ್ಮಿಕವಲ್ಲ.

೩

ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಇಂಗ್ಲೆಂಡಿನ ಪ್ರವಾಸಿಗಳ ಬರೆಹಗಳು ಹೆಚ್ಚಾದವು. ಫ್ರಾನ್ಸಿಸ್ ಟ್ರೋಲೋಪ್ ಎಂಬ ಮಹಿಳೆಯು ೧೮೨೭ರ ಕೊನೆಯಲ್ಲಿ ನ್ಯೂ ಆರ್ಲಿಯನ್ಸಿನಲ್ಲಿ ಇಳಿದು, ಮಿಸಿಸಿಪ್ಪಿ ನದಿಯಲ್ಲಿ ಉಗಿಹಡಗಿನಿಂದ ಮೇಲಕ್ಕೆ ಸಾಗಿದರು. ೧೮೩೨ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿ ಹಡಗಿನ ಸಹಪಙ್ಕ್ತಿಯವರ ಆತುರದ ಊಟ, ಎಲ್ಲೆಂದರಲ್ಲಿ ಉಗುಳುವಿಕೆ, ಇವುಗಳ ಜೊತೆಗೇ ಅವರ ವಿಚಿತ್ರವಾದ ಪದಗಳೂ ಉಚ್ಚಾರವೂ ಒಂದೇ ಪಟ್ಟಿಯಲ್ಲಿ ಸೇರಿವೆ. ಉಚ್ಚಾರಭೇದವನ್ನು ಅನಾಚಾರಗಳ ಸಾಲಿಗೆ ಸೇರಿಸಿದುದೇ ಆ ಕಾಲದ ಕೇಳುವ ರೀತಿ. ೧೮೪೨ರಲ್ಲಿ ಬಂದ ಚಾರ್ಲ್ಸ್ ಡಿಕನ್ಸರ ಕಿವಿಯು ಇದಕ್ಕಿಂತ ಪ್ರಸನ್ನವಾದುದು. ‘ಫಿಕ್ಸ್’ ಎಂಬ ಒಂದೇ ಧಾತುವು ಊಟದ ಮೇಜನ್ನು ಅಣಿಮಾಡುವುದಕ್ಕೂ ಉಡುಪು ಧರಿಸುವುದಕ್ಕೂ ವೈದ್ಯನು ರೋಗವನ್ನು ವಾಸಿಮಾಡುವುದಕ್ಕೂ ಸಲ್ಲುವುದನ್ನು ಕಂಡು ಅವರು ವಿನೋದದಿಂದ ಬರೆದರು. ಕಾಂಬೋಜರಲ್ಲಿಯೂ ಸುರಾಷ್ಟ್ರದಲ್ಲಿಯೂ ಗಮನಾರ್ಥಕ್ಕೆ ಬೇರೆ ಬೇರೆ ಧಾತುಗಳಿರುವುದನ್ನು ಪಟ್ಟಿಮಾಡಿದ ಭಾಷ್ಯಕಾರನು ಈ ಪ್ರಯೋಗಗಳನ್ನೂ ಗಮನಿಸದೆ ಬಿಡುತ್ತಿರಲಿಲ್ಲ.

ಇಂಗ್ಲೆಂಡಿನವರ ಪರಿಹಾಸದಿಂದ ಅಮೆರಿಕದವರಿಗೆ ಮನನೋವಾಯಿತೇ ಹೊರತು ಬೇರೆ ಹಾನಿಯಾಗಲಿಲ್ಲ. ಅದೇ ವರ್ಷಗಳಲ್ಲಿ, ಅವೇ ಹಡಗುಗಳಲ್ಲಿ ಮತ್ತು ಗಾಡಿಗಳಲ್ಲಿ, ಧ್ವನಿಯ ಮೇಲೆ ಪ್ರಾಣವೇ ನಿಂತಿದ್ದ ಪ್ರಯಾಣಿಕರೂ ಇದ್ದರು. ಅವರು ದಾಸ್ಯದಿಂದ ತಪ್ಪಿಸಿಕೊಂಡು ಉತ್ತರಕ್ಕೆ ಹೋಗುತ್ತಿದ್ದವರು.

ಫ್ರೆಡರಿಕ್ ಡಗ್ಲಸ್ ೧೮೩೮ನೆಯ ಸೆಪ್ಟೆಂಬರ್ ೩ರಂದು ಬಾಲ್ಟಿಮೋರಿನಲ್ಲಿ ನಾವಿಕನ ವೇಷದಿಂದ ರೈಲುಗಾಡಿಯನ್ನು ಹತ್ತಿದರು. ಕೈಯಲ್ಲಿದ್ದುದು ಮತ್ತೊಬ್ಬನ ರಹದಾರಿಪತ್ರ. ಹಡಗುಕಟ್ಟೆಯಲ್ಲಿ ಕೆಲಸಮಾಡಿ ನಾವಿಕರ ನುಡಿಯನ್ನು ಚೆನ್ನಾಗಿ ಕಲಿತಿದ್ದುದು ತಮಗೆ ಆಗ ರಕ್ಷೆಯಾಯಿತೆಂದು ಅವರೇ ಮುಂದೆ ಬರೆದಿದ್ದಾರೆ. ಆದರೆ ೧೮೪೧ರಿಂದ ಅವರು ದಾಸ್ಯವಿರೋಧಿ ಸಭೆಗಳಲ್ಲಿ ಉಪನ್ಯಾಸ ಮಾಡಲು ತೊಡಗಿದಾಗ ವಿಪರೀತವೊಂದು ಸಂಭವಿಸಿತು. ಇಷ್ಟು ಶುದ್ಧವಾಗಿ ನುಡಿಯುವವನು ದಾಸನಾಗಿದ್ದಿರಲಾರನೆಂದು ಉತ್ತರದ ಸಭಿಕರು ಸಂಶಯಪಟ್ಟರು. ಮಾತಿನಲ್ಲಿ ತೋಟದ ದಾಸರ ಧಾಟಿಯನ್ನು ಸ್ವಲ್ಪ ಉಳಿಸಿಕೊಳ್ಳುವುದು ಒಳ್ಳೆಯದೆಂದು ಅವರ ಪಕ್ಷದವರೇ, ಹಿತೈಷಿಗಳೇ, ಸಲಹೆಯಿತ್ತರು. ಡಗ್ಲಸ್ ಅದಕ್ಕೆ ಒಪ್ಪಲಿಲ್ಲ. ಸಂಶಯವನ್ನು ಪರಿಹರಿಸಲು ೧೮೪೫ರಲ್ಲಿ ತಮ್ಮ ಒಡೆಯನ ಹೆಸರನ್ನೂ ಸ್ಥಳವನ್ನೂ ಬಯಲುಮಾಡಿ ಆತ್ಮಚರಿತ್ರೆಯನ್ನು ಪ್ರಕಟಿಸಿದರು; ಅದರಿಂದ ಮತ್ತೆ ಸೆರೆಸಿಕ್ಕುವ ಭಯವು ಒದಗಿ, ಬ್ರಿಟನ್ನಿಗೆ ಹೋಗಬೇಕಾಯಿತು. ಅಶುದ್ಧವಾಗಿ ನುಡಿದು ಕೆಟ್ಟವರ ಕಥೆಯನ್ನು ನಾವು ಕೇಳಿದ್ದೇವೆ. ಶುದ್ಧವಾಗಿ ನುಡಿದುದೇ ಒಬ್ಬನಿಗೆ ಅಪಾಯವಾದ ಕಥೆಯಿದು.

ಎಲೆನ್ ಕ್ರಾಫ್ಟ್ ಮತ್ತು ವಿಲಿಯಂ ಕ್ರಾಫ್ಟ್ ದಂಪತಿಗಳ ವೃತ್ತಾಂತವು ಇದಕ್ಕೂ ಸೂಕ್ಷ್ಮವಾದುದು. ೧೮೪೮ರ ಡಿಸೆಂಬರಿನಲ್ಲಿ ಜಾರ್ಜಿಯಾ ಪ್ರಾಂತದ ಮೇಕನ್ ಊರಿನಿಂದ ಇವರು ಹೊರಟರು. ಬಿಳಿಯ ಮೈಬಣ್ಣದ ಎಲೆನ್ ರೋಗಿಯಾದ ತರುಣ ಭೂಸ್ವಾಮಿಯ ವೇಷವನ್ನು ಧರಿಸಿದಳು. ಪತಿಯು ಆಕೆಯ ದಾಸನಂತೆ ನಟಿಸಿದನು. ಬರೆಯಬಾರದವಳಾದುದರಿಂದ ಬಲಗೈಯನ್ನು ಕೊರಳಿಗೆ ಕಟ್ಟಿಕೊಂಡಳು. ಮಾತು ತಪ್ಪಲೆಂದು ಕೆನ್ನೆಗೆ ಔಷಧದ ಪಟ್ಟಿಯನ್ನು ಸುತ್ತಿಕೊಂಡಳು. ಗಾಡಿಯಲ್ಲಿ ಆಕೆಯ ಪಕ್ಕದಲ್ಲಿ ಬಂದು ಕುಳಿತವನು ಆಕೆಯ ಒಡೆಯನ ಮಿತ್ರ. ಬಾಲ್ಯದಿಂದ ಆಕೆಯ ಧ್ವನಿಯನ್ನು ಬಲ್ಲವನು. ಅವನು ಹವೆಯು ಚೆನ್ನಾಗಿದೆಯೆಂದು ಮಾತು ತೆಗೆದನು. ಆಕೆ ಕಿವುಡನಂತೆ ಕಿಟಕಿಯ ಹೊರಗೆ ನೋಡುತ್ತಿದ್ದಳು. ಅವನು ಗಟ್ಟಿಯಾಗಿ ಮತ್ತೆ ಹೇಳಿದನು. ಸುತ್ತಲಿನವರು ಕಿವುಡನೆಂದು ಮರುಕಪಟ್ಟರು. ಮುಂದೆ ಉಗಿಹಡಗಿನಲ್ಲಿ ಆಕೆಯು ದಾಸನ ವೇಷದ ಗಂಡನಿಗೆ ವಂದನೆಯ ಮಾತನ್ನು ಹೇಳಿದಾಗ, ದಾಸನಿಗೆ ಹಾಗೆ ಹೇಳಿದರೆ ಅವನು ಕೆಟ್ಟುಹೋಗುವನೆಂದು ಸಹಪ್ರಯಾಣಿಕನಾದ ಸೇನಾಧಿಕಾರಿಯೊಬ್ಬನು ಬುದ್ಧಿ ಹೇಳಿದನು. ಕ್ರಿಸ್‌ಮಸ್ ದಿನ ಇವರು ಫಿಲಡೆಲ್ಫಿಯಾವನ್ನು ಮುಟ್ಟಿದರು. ಇವರ ಗ್ರಂಥವು ೧೮೬೦ರಲ್ಲಿ ಪ್ರಕಟವಾಯಿತು. ನುಡಿಯ ಚರಿತ್ರೆಯನ್ನು ಬರೆಯುವವರು ನುಡಿದ ಮಾತುಗಳನ್ನು ಮಾತ್ರ ಸಂಗ್ರಹಿಸುವರು. ಆ ಗಾಡಿಯಲ್ಲಿ ನುಡಿಯದೆ ಉಳಿದ ಮಾತಿಗೂ ಅದರಲ್ಲಿ ಸ್ಥಾನವಿರಬೇಕು.

೪

ಅಂತರ್ಯುದ್ಧವು ೧೮೬೫ರಲ್ಲಿ ಮುಗಿದ ಮೇಲೆ ಪ್ರಾಂತ್ಯೋಚ್ಚಾರಗಳನ್ನು ಕೇಳುವ ಕಿವಿಯು ಕ್ರಮೇಣ ಬದಲಾಯಿತು. ಮಿಸಿಸಿಪ್ಪಿಯಲ್ಲಿ ಹಡಗಿನ ಮಾರ್ಗದರ್ಶಕನಾಗಿದ್ದ ಮಾರ್ಕ್ ಟ್ವೇನ್ ೧೮೮೨ರಲ್ಲಿ ಅದೇ ನದಿಯಲ್ಲಿ ಮತ್ತೆ ಸಂಚರಿಸಿ, ಮರುವರ್ಷ ಪ್ರಕಟಿಸಿದ ಗ್ರಂಥದಲ್ಲಿ, ರೇಫವನ್ನು ಲೋಪಮಾಡುವ ದಾಕ್ಷಿಣಾತ್ಯರ ನುಡಿಯು ತನಗೆ ಸಂಗೀತದಂತೆ ಕೇಳಿಸಿತೆಂದು ಬರೆದನು. ಅವನ ‘ಹಕಲ್‌ಬರಿ ಫಿನ್’ ಅಮೆರಿಕದಲ್ಲಿ ೧೮೮೫ರಲ್ಲಿ ಹೊರಬಂದಿತು. ಅದರ ಪೀಠಿಕೆಯಲ್ಲಿ, ಪಾತ್ರಗಳೆಲ್ಲರೂ ಒಂದೇ ರೀತಿ ಮಾತಾಡಲು ಯತ್ನಿಸಿ ಸೋತರೆಂದು ಓದುಗರು ತಿಳಿಯಬಾರದೆಂದು ಎಚ್ಚರಿಸಿ, ತಾನು ಬೇರೆ ಬೇರೆ ಉಪಭಾಷೆಗಳನ್ನು ಬುದ್ಧಿಪೂರ್ವಕವಾಗಿ ಬಳಸಿರುವುದನ್ನು ಅವನು ತಿಳಿಸಿದ್ದಾನೆ.

ಶಾಸ್ತ್ರೀಯ ಪರಿಶೀಲನೆಯ ಆರಂಭದಲ್ಲಿ ನಮಗೆ ಪರಿಚಿತವಾದ ಹೆಸರೊಂದು ದೊರೆಯುತ್ತದೆ. ತೈತ್ತಿರೀಯ ಪ್ರಾತಿಶಾಖ್ಯವನ್ನು ೧೮೭೧ರಲ್ಲಿ ಪರಿಷ್ಕರಿಸಿ ಅಚ್ಚುಹಾಕಿಸಿದ ವಿಲಿಯಂ ಡ್ವೈಟ್ ವಿಟ್ನಿಯವರನ್ನು (೧೮೨೭-೧೮೯೪) ವೈದಿಕ ವ್ಯಾಕರಣವನ್ನು ಅಭ್ಯಾಸಮಾಡಿದವರು ಬಲ್ಲರು. ಋಷಿಗಳ ವರ್ಣಸ್ಥಾನಪ್ರಯತ್ನಗಳನ್ನು ಅಳೆದ ಇದೇ ಪಂಡಿತರು ೧೮೭೪ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ, ಮ್ಯಾಸಚುಸೆಟ್ಸ್‌ನ ನಾರ್ಥಾಂಪ್ಟನ್ ಊರಿನ ತಮ್ಮದೇ ಸಹಜೋಚ್ಚಾರವನ್ನು ಪರೀಕ್ಷೆಗೊಡ್ಡಿ ವರ್ಣಿಸಿದರು. ಕೆಲವು ಶಬ್ದಗಳಲ್ಲಿ ತಮ್ಮ ನಾಡಿನವರು ಓಕಾರವನ್ನು ಹ್ರಸ್ವವಾಗಿ ನುಡಿಯುವುದನ್ನು ಅವರು ಮುಚ್ಚಿಡಲಿಲ್ಲ. ಸಂಸ್ಕೃತದಲ್ಲಿಲ್ಲದೆ ಕನ್ನಡದಲ್ಲಿರುವ ಹ್ರಸ್ವ ಒಕಾರದ ಬೆಲೆಯನ್ನು ಬಲ್ಲ ನಮಗೆ ಈ ಪ್ರಾಮಾಣಿಕತೆಯು ಪ್ರಿಯವಾಗಬೇಕು. ೧೮೮೯ರಲ್ಲಿ ಅಮೆರಿಕದ ಉಪಭಾಷಾಸಂಘವು ಸ್ಥಾಪಿತವಾಯಿತು. ಹಾನ್ಸ್ ಕುರಾತ್ ನಿರ್ದೇಶಿಸಿದ ನ್ಯೂ ಇಂಗ್ಲೆಂಡಿನ ಭಾಷಾಭೂಪಟವು ೧೯೩೯ರಿಂದ ೧೯೪೩ರವರೆಗೆ ಪ್ರಕಟವಾಯಿತು. ಮುಂದೆ ಪ್ರಾಂತ್ಯಪದಗಳ ಮಹಾನಿಘಂಟಿಗಾಗಿ ಸಂಶೋಧಕರು ೧೯೬೫ರಿಂದ ೧೯೭೦ರವರೆಗೆ ‘ಪದದ ಬಂಡಿ’ಗಳೆಂದು ಹೆಸರಾದ ಮೋಟಾರುಗಳಲ್ಲಿ ೧,೦೦೨ ಊರುಗಳನ್ನು ಸುತ್ತಿದರು. ಇವರೂ ಪ್ರಯಾಣಿಕರೇ, ಆದರೆ ತೀರ್ಪುಕೊಡಲು ಬಂದವರಲ್ಲ, ಕೇಳಿ ಬರೆದುಕೊಳ್ಳಲು ಬಂದವರು.

ಶಾಸ್ತ್ರವು ಬೆಳೆದಂತೆ ಲೋಕದ ಪೂರ್ವಗ್ರಹವು ಕುಗ್ಗಿತೆಂದು ಹೇಳಲಾಗದು. ೧೯೩೦ರ ದಶಕದ ಅನಾವೃಷ್ಟಿಯಿಂದ ಒಕ್ಲಹೋಮ ಮುಂತಾದ ಪ್ರಾಂತಗಳ ರೈತರು ಕ್ಯಾಲಿಫೋರ್ನಿಯಾಕ್ಕೆ ವಲಸೆ ಹೋದಾಗ ಅವರನ್ನು ‘ಓಕಿ’ಗಳೆಂದು ಹಳಿಯಲಾಯಿತು, ಅವರ ನುಡಿಯೂ ಅಪಹಾಸ್ಯಕ್ಕೆ ಗುರಿಯಾಯಿತು. ೧೯೩೯ರಲ್ಲಿ ಸ್ಟೈನ್‌ಬೆಕ್ ಬರೆದ ಕಾದಂಬರಿಯಲ್ಲಿ, ದಾರಿಯ ಬದಿಯಲ್ಲಿ ಕೂಡಿದ ಎರಡು ಬಡಸಂಸಾರಗಳು ಒಬ್ಬರ ನುಡಿಯ ಹೊಸತನವನ್ನು ಮತ್ತೊಬ್ಬರು ಸಹಜವಾಗಿ ಆಡಿಕೊಳ್ಳುವ ಸಂದರ್ಭವಿದೆ. ಅಲ್ಲಿ ಬೆರಗುಂಟು, ತಿರಸ್ಕಾರವಿಲ್ಲ. ಇಬ್ಬರೂ ಒಂದೇ ಕಷ್ಟದಲ್ಲಿ ಒಂದೇ ದಾರಿಯನ್ನು ಹಿಡಿದವರಾದುದೇ ಇದಕ್ಕೆ ಕಾರಣ.

೫

ಈಗ ಮುಖ್ಯವಾದ ಪ್ರಶ್ನೆಯನ್ನು ಎತ್ತಿಕೊಳ್ಳೋಣ. ಹಿತಾಹಿತವು ಧ್ವನಿಯಲ್ಲಿಯೇ ಇದೆಯೇ, ಕಿವಿಯಲ್ಲಿದೆಯೇ? ಆಶ್ಚರ್ಯವೆಂದರೆ, ಅಸುರರ ಕಥೆಯಂತೆ ಇಲ್ಲಿಯೂ ನಿರ್ಣಾಯಕವಾದುದು ರೇಫವೇ. ಸ್ವರದ ಮುಂದೆ ಬಾರದ ರೇಫವನ್ನು ಬಿಡುವ ಪದ್ಧತಿಯು ಇಂಗ್ಲೆಂಡಿನೊಡನೆ ನಿಕಟಸಂಬಂಧವಿದ್ದ ಬಾಸ್ಟನ್, ನ್ಯೂಯಾರ್ಕ್, ರಿಚ್‌ಮಂಡ್, ಚಾರ್ಲ್ಸ್‌ಟನ್ ಮುಂತಾದ ಪೂರ್ವತೀರದ ಪಟ್ಟಣಗಳಲ್ಲಿ ಬೇರೂರಿತು. ಫಿಲಡೆಲ್ಫಿಯಾದಲ್ಲಿಯೂ ಒಳನಾಡಿನಲ್ಲಿಯೂ ರೇಫವು ಉಳಿಯಿತು. ೧೯೩೩ರಿಂದ ೧೯೪೫ರವರೆಗೆ ರಾಷ್ಟ್ರಾಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟರ ಭಾಷಣಗಳ ಧ್ವನಿಮುದ್ರಣದಲ್ಲಿ ಈ ರೇಫಲೋಪವನ್ನು ಕೇಳಬಹುದು. ಆ ಕಾಲಕ್ಕೆ ಅದು ಗೌರವದ ಲಕ್ಷಣ. ಎರಡನೆಯ ಮಹಾಯುದ್ಧದ ತರುವಾಯ ನ್ಯೂಯಾರ್ಕಿನಲ್ಲಿ ಈ ಗೌರವವು ತಲೆಕೆಳಗಾಯಿತು. ವಿಲಿಯಂ ಲಬಾಫ್ (೧೯೨೭-೨೦೨೪) ೧೯೬೨ರಲ್ಲಿ ಆ ನಗರದ ಮೂರು ಬಟ್ಟೆಬರೆಯ ದೊಡ್ಡಂಗಡಿಗಳಿಗೆ ಹೋಗಿ, ಉತ್ತರದಲ್ಲಿ ನಾಲ್ಕನೆಯ ಅಂತಸ್ತೆಂಬ ಮಾತು ಬರುವಂತೆ ನೌಕರರನ್ನು ಪ್ರಶ್ನಿಸಿ, ಕೇಳಿಸದವರಂತೆ ಮತ್ತೊಮ್ಮೆ ಹೇಳಿಸಿದರು. ಧನಿಕರ ಅಂಗಡಿಯಲ್ಲಿ ನೂರಕ್ಕೆ ೬೨ ಜನರು, ಮಧ್ಯಮವರ್ಗದ ಅಂಗಡಿಯಲ್ಲಿ ೫೧ ಜನರು ಪೂರ್ಣವಾಗಿಯೋ ಕೆಲವೆಡೆಗಳಲ್ಲಿಯೋ ರೇಫವನ್ನು ನುಡಿದರು. ಅಗ್ಗದ ಅಂಗಡಿಯಲ್ಲಿ ಸುಮಾರು ಐದರಲ್ಲೊಬ್ಬರು ಮಾತ್ರ. ಇಂಗ್ಲೆಂಡಿನಲ್ಲಾದರೋ ಇಂದಿಗೂ ರೇಫಲೋಪವೇ ಶಿಷ್ಟೋಚ್ಚಾರ. ಒಂದೇ ವರ್ಣವು ಒಂದು ತೀರದಲ್ಲಿ ಗುಣ, ಮತ್ತೊಂದು ತೀರದಲ್ಲಿ ದೋಷ. ಒಂದೇ ಪಟ್ಟಣದಲ್ಲಿ ತಂದೆಯ ಕಾಲಕ್ಕೆ ಭೂಷಣ, ಮಗನ ಕಾಲಕ್ಕೆ ದೂಷಣ. ಆದುದರಿಂದ ಲೌಕಿಕೋಚ್ಚಾರದಲ್ಲಿ ಗುಣದೋಷಗಳು ವರ್ಣಗತವಲ್ಲ, ಶ್ರೋತೃಗತವೆಂಬುದು ಸಿದ್ಧವಾಗುತ್ತದೆ.

ವಿದರ್‌ಸ್ಪೂನರ ಹೇತುವು ಅರ್ಧಸತ್ಯವೆಂದು ಮೇಲೆ ಹೇಳಿದೆನಷ್ಟೆ. ಜನರು ಕಲೆತರೂ ಭೇದಗಳು ಅಳಿಯಲಿಲ್ಲ. ೨೦೦೬ರಲ್ಲಿ ಲಬಾಫ್ ಮತ್ತು ಸಂಗಡಿಗರು ಪ್ರಕಟಿಸಿದ ಭೂಪಟವು, ಉತ್ತರದ ಸರೋವರಗಳ ಪಟ್ಟಣಗಳೂ ದಕ್ಷಿಣವೂ ಸ್ವರೋಚ್ಚಾರದಲ್ಲಿ ಪರಸ್ಪರ ದೂರಸರಿದಿದ್ದುದನ್ನು ತೋರಿಸಿತು. ಪ್ರಯಾಣವು ಭೇದವನ್ನು ಅಳಿಸುವುದಕ್ಕಿಂತ ಹೆಚ್ಚಾಗಿ, ಭೇದವುಂಟೆಂಬುದನ್ನು ಪ್ರಯಾಣಿಕನಿಗೆ ತಿಳಿಸುತ್ತದೆ.

ಇದು ಕೇವಲ ಪಾಂಡಿತ್ಯದ ವಿಷಯವಲ್ಲ. ೧೯೯೯ರಲ್ಲಿ ಪ್ರಕಟವಾದ ಜಾನ್ ಬಾ ಮೊದಲಾದವರ ಪರಿಶೋಧನೆಯಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಸುತ್ತಿನ ಊರುಗಳಲ್ಲಿ ಒಬ್ಬನೇ ವ್ಯಕ್ತಿಯು ಮೂರು ಬೇರೆ ಧಾಟಿಗಳಲ್ಲಿ ದೂರವಾಣಿಯಿಂದ ಬಾಡಿಗೆಮನೆಯನ್ನು ವಿಚಾರಿಸಿದಾಗ, ಬಿಳಿಯರೇ ಹೆಚ್ಚಾಗಿರುವ ಕಡೆಗಳಲ್ಲಿ ಕರಿಯರ ಮತ್ತು ಮೆಕ್ಸಿಕೋ ಮೂಲದವರ ಧಾಟಿಗೆ ಮನೆ ನೋಡಲು ದೊರೆತ ಸಮ್ಮತಿಯು ಕಡಿಮೆಯೆಂದು ಕಂಡುಬಂದಿತು. ಎಲೆನ್ ಕ್ರಾಫ್ಟಳು ಕಿವುಡುತನವನ್ನು ನಟಿಸಿದ ಕಾಲವು ಕಳೆದಿದೆ. ಆಕೆಯ ಭಯಕ್ಕೆ ಕಾರಣವಾದ ಕಿವಿಯು ಇನ್ನೂ ಪೂರ್ಣವಾಗಿ ಬದಲಾಗಿಲ್ಲ.

ಇಷ್ಟರಿಂದ ಶಿಕ್ಷಾಶಾಸ್ತ್ರವು ವ್ಯರ್ಥವೆಂದು ಯಾರೂ ಭಾವಿಸಬಾರದು. ಮಂತ್ರಕ್ಕೆ ನಿಯಮವುಂಟು, ಇರಲೇಬೇಕು. ಆದರೆ ಮಂತ್ರದ ನಿಯಮವನ್ನು ಸಂತೆಗೂ ಸತ್ರಕ್ಕೂ ರೈಲುಗಾಡಿಗೂ ಕೊಂಡೊಯ್ದು, ಸಹಪ್ರಯಾಣಿಕನನ್ನು ಅಸುರನೆಂದು ತೀರ್ಮಾನಿಸುವುದಕ್ಕೆ ಭಾಷ್ಯಕಾರನ ಸಮ್ಮತಿಯಿಲ್ಲ. ಯರ್ವಾಣ ತರ್ವಾಣ ಋಷಿಗಳನ್ನು ಅವನು ಹೆಸರಿಸಿದುದು ಇದಕ್ಕಾಗಿಯೇ ಎಂದು ಈಗ ನನಗೆ ತೋರುತ್ತದೆ. ಗಾಡಿಯಲ್ಲಿ ಎದುರಿಗೆ ಕುಳಿತವನ ನುಡಿಯು ವಿಕಾರವಾಗಿ ಕೇಳಿಸಿದಾಗ, ಅವನು ಆ ಋಷಿಗಳಲ್ಲೊಬ್ಬನಾಗಿರಬಹುದೆಂಬ ಸಂಶಯವಾದರೂ ವಿದ್ವಾಂಸನಿಗೆ ಹುಟ್ಟಬೇಕು. ಇತ್ಯಲಂ ವಿಸ್ತರೇಣ.