ತುರ್ಕಮೆನ್ ರಾಷ್ಟ್ರೀಯತೆ

ಕಾಸ್ಪಿಯನ್ ಸಮುದ್ರದ ಪೂರ್ವಕ್ಕೆ, ಕಾರಾಕುಮ್ ಮರುಭೂಮಿಯ ಸುತ್ತ ನೆಲೆಸಿದ್ದ ಸುನ್ನಿ ಮುಸ್ಲಿಂ ಬುಡಕಟ್ಟುಗಳು 20ನೆಯ ಶತಮಾನದಲ್ಲಿ ಒಂದು ರಾಷ್ಟ್ರವಾಗಿ ರೂಪುಗೊಂಡ ಬಗೆ. ತೆಕೆ, ಯೋಮುತ್, ಎರ್ಸಾರಿ, ಸಾರಿಕ್, ಸಾಲೊರ್, ಗೋಕ್ಲೆನ್, ಚೌಡೂರ್ ಇವುಗಳಲ್ಲಿ ಮುಖ್ಯವಾದವು.

ಇವರೆಲ್ಲರನ್ನು ಆಳುವ ಒಬ್ಬ ಅರಸನಿರಲಿಲ್ಲ. ಖೀವಾ, ಬುಖಾರಾ ಮತ್ತು ಇರಾನಿನ ದೊರೆಗಳ ಹಿಡಿತ ಸಡಿಲವಾಗಿತ್ತು. ಹುಲ್ಲುಗಾವಲು, ನೀರುಗಳಿಗಾಗಿ ಬುಡಕಟ್ಟುಗಳು ತಮ್ಮೊಳಗೇ ಕಾದಾಡುತ್ತಿದ್ದವು. ಆದರೂ ತಾವೆಲ್ಲ ಐತಿಹ್ಯದ ಮೂಲಪುರುಷ ಒಗುಜ್ ಖಾನನ ಸಂತತಿಯೆಂಬ ನಂಬಿಕೆ ಬಲವಾಗಿತ್ತು. ಸ್ವತಃ ಗೋಕ್ಲೆನ್ ಆಗಿದ್ದ 18ನೆಯ ಶತಮಾನದ ಕವಿ ಮಖ್ತುಮ್‌ಕುಲಿ ಬುಡಕಟ್ಟುಗಳ ಒಗ್ಗಟ್ಟಿಗಾಗಿ ಹಾಡಿದ. ಅದು ಅವನ ಕಾಲದಲ್ಲಿ ಕೈಗೂಡಲಿಲ್ಲ. 1881ರಲ್ಲಿ ರಷ್ಯದ ಸೇನೆ ಗೋಕ್‌ತೆಪೆ ಕೋಟೆಯನ್ನು ಒಡೆದು ಸಾವಿರಾರು ತೆಕೆ ಜನರನ್ನು ಕೊಂದಿತು. 1884ರಲ್ಲಿ ಮೆರ್ವ್ ಓಯಸಿಸ್ ಕೂಡ ಅದರ ವಶವಾಯಿತು.

ಸೋವಿಯತ್ ಸರ್ಕಾರ 1924ರ ಅಕ್ಟೋಬರ್ 27ರಂದು ತುರ್ಕಿಸ್ತಾನ, ಬುಖಾರಾ, ಖೋರೆಜ್ಮ್‌ಗಳಲ್ಲಿ ಹಂಚಿಹೋಗಿದ್ದ ತುರ್ಕಮೆನ್ ಪ್ರದೇಶಗಳನ್ನು ಕೂಡಿಸಿ ಪ್ರತ್ಯೇಕ ಗಣರಾಜ್ಯ ಮಾಡಿತು. ಹೀಗಾಗಿ ಈ ರಾಷ್ಟ್ರ ಮಾಸ್ಕೋದ ಕಟ್ಟುಕತೆಯೆಂದು ಹೇಳುವವರುಂಟು. ಇದು ಅರ್ಧಸತ್ಯ. ಗಡಿ, ಸಚಿವಾಲಯ, ಶಾಲೆ, ಪತ್ರಿಕೆಗಳು ಹೊಸವು, ನಿಜ. ಆದರೆ ಅವನ್ನು ತಮ್ಮದೆಂದು ಒಪ್ಪಿಕೊಳ್ಳಲು ಬೇಕಾದ ಬಂಧುತ್ವದ ಭಾವನೆ ಜನರಲ್ಲಿ ಮೊದಲೇ ಇತ್ತು. ಕೈಗಿಸಿಜ್ ಅತಾಬಾಯೆವ್, ನೆದಿರ್ಬಾಯ್ ಐತಾಕೊವ್‌ರಂಥ ಸ್ಥಳೀಯ ನಾಯಕರೂ ಗಣರಾಜ್ಯವನ್ನು ಕಟ್ಟಲು ದುಡಿದರು. 1937–38ರ ಸ್ಟಾಲಿನ್ ದಮನಕ್ಕೆ ಇಬ್ಬರೂ ಬಲಿಯಾದದ್ದು ಈ ಚರಿತ್ರೆಯ ಅತಿ ನೋವಿನ ಪುಟ.

ಬುಡಕಟ್ಟು ಪ್ರಜ್ಞೆಯನ್ನು ಅಳಿಸಬೇಕೆಂಬುದು ಸೋವಿಯತ್ ಸಿದ್ಧಾಂತ. ಆದರೆ ಆಡಳಿತ ನಡೆಸಲು ಹೊರಟಾಗ ಅಧಿಕಾರಿಗಳು ಆ ಪ್ರಜ್ಞೆಯನ್ನೇ ನೆಚ್ಚಬೇಕಾಯಿತು. ನೆಲ, ನೀರಿನ ಪಾಲು ಕುಲದ ಲೆಕ್ಕದಲ್ಲೇ ನಡೆದುಬಂದಿತ್ತು. ಒಂದು ಬುಡಕಟ್ಟಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಎಂಬ ದೂರು ಬಾರದಂತೆ 1920ರ ದಶಕದಲ್ಲಿ ಸಮಪಾಲಿನ ನೀತಿಯನ್ನು ಅನುಸರಿಸಿದರು. ಆ ನೀತಿಯಿಂದಲೇ ಬುಡಕಟ್ಟಿನ ಗುರುತು ಗಟ್ಟಿಯಾಯಿತು. ಭಾಷೆಯಲ್ಲೂ ಇದೇ ತಿಕ್ಕಾಟ: ಯಾರ ಆಡುಮಾತು ಶಿಷ್ಟಭಾಷೆಯಾಗಬೇಕು? ಕೊನೆಗೆ ತೆಕೆ, ಯೋಮುತ್ ಉಪಭಾಷೆಗಳಿಗೆ ಪ್ರಾಧಾನ್ಯ ಸಿಕ್ಕಿತು. ಲಿಪಿ ಅರಬ್ಬಿಯಿಂದ ಲ್ಯಾಟಿನ್‌ಗೆ, 1940ರಲ್ಲಿ ಸಿರಿಲಿಕ್‌ಗೆ, ಸ್ವಾತಂತ್ರ್ಯದ ನಂತರ ಮತ್ತೆ ಲ್ಯಾಟಿನ್‌ಗೆ ಬದಲಾಯಿತು. ಹಳೆಯ ಬರಹವನ್ನು ಓದಲಾರದ ತಲೆಮಾರುಗಳು ಇದರಿಂದ ಹುಟ್ಟಿದವು.

1991ರಲ್ಲಿ ಸ್ವತಂತ್ರವಾದ ತುರ್ಕಮೆನಿಸ್ತಾನದ ಧ್ವಜದಲ್ಲಿ ಐದು ರತ್ನಗಂಬಳಿ ವಿನ್ಯಾಸಗಳಿವೆ. ಅವು ಐದು ಪ್ರಮುಖ ಬುಡಕಟ್ಟುಗಳ ಸಂಕೇತ. ವಂಶಾವಳಿಯನ್ನೇ ಅಳತೆಗೋಲಾಗಿಟ್ಟರೆ ಇರಾನಿನ ಈಶಾನ್ಯದ ಹಾಗೂ ಅಫ್ಘಾನಿಸ್ತಾನದ ಉತ್ತರದ ತುರ್ಕಮೆನ್ನರೂ ಇದೇ ರಾಷ್ಟ್ರದವರು. ರಾಜಧಾನಿ ಅಶ್ಗಾಬಾತ್ ಕೊಡುವ ಪೌರತ್ವದಲ್ಲಿ ಮಾತ್ರ ಅವರಿಗೆ ಪಾಲಿಲ್ಲ.